ಯಾರೂ ತಡೆಯದ ಕೆಲಸ

ಶಾಗ್ಯದಂಥ ಊರಿನಲ್ಲಿ ಔಷಧಿ ಅಂಗಡಿ ತೆರೆಯಬೇಕೆಂದರೆ ಲೈಸೆನ್ಸ್ ಬೇಕು. ಗೊಬ್ಬರ, ಬಿತ್ತನೆ ಬೀಜ ಮಾರುವುದಕ್ಕೂ ಬೇಕು. ಹನೂರಿನ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಇಡ್ಲಿ ಹೋಟೆಲ್ ಇಟ್ಟವರಿಗೂ ಆಹಾರ ಸುರಕ್ಷತೆಯ ನೋಂದಣಿ ಬೇಕು. ಮಹದೇಶ್ವರನ ಬೆಟ್ಟಕ್ಕೆ ಜನರನ್ನು ಹತ್ತಿಸಿಕೊಂಡು ಹೋಗುವ ಡ್ರೈವರನ ಜೇಬಿನಲ್ಲಿ ಡಿಎಲ್ ಇರಲೇಬೇಕು. ಆದರೆ ಅದೇ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಎರಡು ಕುರ್ಚಿ ಹಾಕಿ, 'ಲೈಫ್ ಕೋಚ್, ಬಿಸಿನೆಸ್ ಕೋಚ್' ಎಂದು ಬೋರ್ಡ್ ಬರೆಸಿದರೆ ಯಾರೂ ಬಂದು ಕಾಗದ ಕೇಳುವುದಿಲ್ಲ. ಮಾತ್ರೆ ಮಾರುವವನಿಗೆ ಇರುವ ಕಟ್ಟುಪಾಡು ಮನುಷ್ಯನ ಬದುಕಿನ ಬಗ್ಗೆ ಮಾತಾಡಲು ಕೂತವನಿಗೆ ಇಲ್ಲ. ನಮ್ಮ ದೇಶದಲ್ಲಿ ಹಾಗೆ ಕರೆದುಕೊಳ್ಳಲು ಪರವಾನಗಿ ಕೊಡುವ ಕಾನೂನೂ ಇಲ್ಲ, ಬೇಡವೆನ್ನುವ ಕಾನೂನೂ ಇಲ್ಲ.

ಈ ಬೆಳಿಗ್ಗೆ ಯೋಚಿಸಬೇಕಾದದ್ದು ಈ ಸ್ವಾತಂತ್ರ್ಯದ ಬಗ್ಗೆ. ಏಕೆಂದರೆ ಈಗ ಈ ಕೆಲಸಕ್ಕೆ ಹೊರಡುವವರು ಬೆಂಗಳೂರಿನಲ್ಲಷ್ಟೇ ಇಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಹತ್ತಾರು ವರ್ಷ ಕಂಪನಿಗಳಲ್ಲಿ ದುಡಿದು, ಅಪ್ಪ ಅವ್ವನಿಗೆ ವಯಸ್ಸಾಯಿತೆಂದು ಊರಿನ ಕಡೆ ಮುಖ ಮಾಡಿದವರಿದ್ದಾರೆ. ಫೋನಿನಲ್ಲೇ ಮಾತಾಡಿ ನಡೆಸಬಹುದಾದ ಕೆಲಸ, ಬಂಡವಾಳ ಕಡಿಮೆ, ಇಷ್ಟು ವರ್ಷ ಕಂಡದ್ದು ಉಂಡದ್ದು ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಅಗತ್ಯವೂ ನಿಜವಾದದ್ದೇ. ಮೂರು ಸಲ ಪರೀಕ್ಷೆ ಬರೆದು ಮೂರು ಸಲವೂ ಆಗದೆ ಮನೆಯಲ್ಲಿ ಕೂತ ಹುಡುಗನಿಗೆ, ನೌಕರಿ ಬಿಟ್ಟು ಹೈನುಗಾರಿಕೆ ಮಾಡಲೋ ಬೇಡವೋ ಎಂದು ತೂಗುತ್ತಿರುವ ಗಂಡನಿಗೆ, ಹೊಲಿಗೆಯಲ್ಲೇ ಮನೆ ನಡೆಸುತ್ತಿರುವ ಹೆಂಗಸಿಗೆ, ಬೈಯದೆ, ಹೀಯಾಳಿಸದೆ, ತನ್ನ ಲಾಭ ನೋಡದೆ ಒಂದು ಗಂಟೆ ಕೂತು ಕೇಳುವವರು ಸಿಗುವುದು ಕಷ್ಟ. ಜಗಲಿಯ ಮೇಲೆ ಕೂತು ಇಂಥ ಮಾತು ಆಡುತ್ತಿದ್ದ ಹಿರಿಯರು ಕಡಿಮೆಯಾಗಿದ್ದಾರೆ. ಇದ್ದವರ ಅನುಭವಕ್ಕೂ ಮಕ್ಕಳ ಬದುಕಿಗೂ ನಡುವೆ ಬೆಂಗಳೂರಿನಷ್ಟು ದೂರವಿದೆ.

ಹಾಗಾದರೆ ಮೊದಲ ಹೆಜ್ಜೆ ಯಾವುದು? ಯಾರೂ ತಡೆಯದ ಕೆಲಸಕ್ಕೆ ಹೊರಟವರು ತಮ್ಮನ್ನು ತಾವೇ ಯಾವುದಕ್ಕೆ ಕಟ್ಟಿಕೊಳ್ಳುತ್ತಾರೆ ಎಂಬುದರಿಂದಲೇ ಕೆಲಸ ಶುರುವಾಗುತ್ತದೆ ಎಂದು ನನಗೆ ಅನಿಸುತ್ತದೆ. ವೈದ್ಯನಿಗೆ ಬೇಲಿಯನ್ನು ಅವನ ಕೌನ್ಸಿಲ್ ಹಾಕಿಕೊಟ್ಟಿದೆ, ವಕೀಲನಿಗೆ ಬಾರ್ ಕೌನ್ಸಿಲ್ ಹಾಕಿದೆ. ಕೋಚ್ ಆಗುವವರು ತಮ್ಮ ಬೇಲಿಯನ್ನು ತಾವೇ ಹಾಕಿಕೊಳ್ಳಬೇಕು.

ಈ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ಇಲ್ಲಿ ಮನೆಮನೆಯ ಮುಂದೆ ನಿಂತು ಜನರ ಕಷ್ಟಸುಖಕ್ಕೆ ದನಿಯಾಗುವವರು ನೂರಾರು ವರ್ಷಗಳಿಂದ ಇದ್ದಾರೆ. ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರು, ಮಲೆ ಮಹದೇಶ್ವರನ ಕತೆ ಹಾಡುವ ದೇವರಗುಡ್ಡರು. ಚೆನ್ನಾಗಿ ಹಾಡಲು ಬರುತ್ತದೆ ಎಂದ ಮಾತ್ರಕ್ಕೆ ಯಾರೂ ತಮಗೆ ತಾವೇ ನೀಲಗಾರರಾಗುವುದಿಲ್ಲ. ಗುರುವಿನ ಕೈಯಲ್ಲಿ, ನೆಂಟರಿಷ್ಟರ ಎದುರಿಗೆ ದೀಕ್ಷೆಯಾಗಬೇಕು. ಗುಡ್ಡನಿಗೆ ರುದ್ರಾಕ್ಷಿ, ಜೋಳಿಗೆ, ಬೆತ್ತ, ಕಂಸಾಳೆ ಕೈಗೆ ಬರುವಾಗ ಅದರ ಜೊತೆಗೆ ನೇಮವೂ ಬರುತ್ತದೆ. ಆಮೇಲೂ ಹೊಸಬನ ಜಾಗ ಹಿಮ್ಮೇಳ. ಮುಂದೆ ನಿಂತ ಹಿರಿಯ ಒಂದು ಸೊಲ್ಲು ಹೇಳುತ್ತಾನೆ, ಹಿಂದಿನವನು ಅದನ್ನು ಎತ್ತಿಕೊಳ್ಳುತ್ತಾನೆ. ವರ್ಷಗಟ್ಟಲೆ ಇನ್ನೊಬ್ಬರ ಸೊಲ್ಲಿಗೆ ಕಿವಿ ಕೊಟ್ಟ ಮೇಲೆ ಮುಮ್ಮೇಳದ ಮಾತು.

ಮಂಟೇಸ್ವಾಮಿಯ ಕತೆಯ ಒಳಗೂ ಇದೇ ಇದೆ. ಚಿಕ್ಕಲ್ಲೂರಿನಲ್ಲಿ ನೆಲೆಗೊಂಡ ಸಿದ್ದಪ್ಪಾಜಿ ಮೊದಲು ಕೆಂಪಾಚಾರಿ, ಆಚಾರರ ಮನೆಯ ಹುಡುಗ. ಅವನನ್ನು ಶಿಷ್ಯನನ್ನಾಗಿ ಪಡೆದ ಮಂಟೇಸ್ವಾಮಿ ಕೂಡಲೇ ಅವನನ್ನು ಉಪದೇಶಕ್ಕೆ ಕಳಿಸಲಿಲ್ಲ. ಕಬ್ಬಿಣದ ಭಿಕ್ಷೆ ತಾ ಎಂದು ಹಲಗೂರಿನ ಪಾಂಚಾಳರ ಬಳಿಗೆ ಕಳಿಸಿದರು. ಬೇಡುವುದಕ್ಕೆ, ಬೈಸಿಕೊಳ್ಳುವುದಕ್ಕೆ, ಪರೀಕ್ಷೆಗೆ ಒಡ್ಡಿಕೊಳ್ಳುವುದಕ್ಕೆ. ಪ್ರತಿ ವರ್ಷ ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಸೇರುವ ಜನರಿಗೆ ಈ ಕತೆ ಬಾಯಿಪಾಠ. ಇನ್ನೊಬ್ಬರಿಗೆ ಕೊಡಲು ಹೊರಡುವವನು ಮೊದಲು ಕೈಯೊಡ್ಡಿ ನಿಲ್ಲಬೇಕು ಎಂಬುದು ಈ ಸೀಮೆ ತಾನೇ ಕಂಡುಕೊಂಡ ನಡೆ.

ದೂರದ ದೇಶದಲ್ಲಿ ಕೋಚಿಂಗ್ ಒಂದು ವೃತ್ತಿಯಾಗಿ ರೂಪುಗೊಂಡಾಗಲೂ ಹಿಮ್ಮೇಳದಂಥ ಒಂದು ವ್ಯವಸ್ಥೆ ಬೇಕಾಯಿತು. ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಎಂಬ ಹಣಕಾಸು ಸಲಹೆಗಾರನ ಬಳಿಗೆ ದುಡ್ಡಿನ ಲೆಕ್ಕಕ್ಕೆ ಬಂದವರು ದುಡ್ಡಿನ ಆಚೆಗಿನ ಬದುಕಿನ ಮಾತು ತೆಗೆಯುತ್ತಿದ್ದರು. ಆ ಮಾತಿಗೇ ಒಂದು ಶಿಸ್ತು ಕೊಡಲು ಹೊರಟ ಆತ 1995ರಲ್ಲಿ ಐಸಿಎಫ್ ಎಂದು ಕರೆಯಲಾಗುವ ಕೋಚಿಂಗ್ ಒಕ್ಕೂಟವನ್ನು ಹುಟ್ಟುಹಾಕಿದ. ಅದರ ಮನ್ನಣೆ ಪಡೆಯುವುದು ಕಡ್ಡಾಯವಲ್ಲ. ಬೇಕೆಂದವರು ಮೊದಲ ಮೆಟ್ಟಿಲಿಗೆ 60 ಗಂಟೆಯ ತರಬೇತಿ ಮುಗಿಸಬೇಕು, 100 ಗಂಟೆ ಜನರೊಡನೆ ಕೂತು ಮಾತಾಡಿರಬೇಕು. ಎರಡನೆಯದಕ್ಕೆ 500 ಗಂಟೆ, ಮೂರನೆಯದಕ್ಕೆ 2,500 ಗಂಟೆ. ಇವುಗಳ ಜೊತೆಗೆ ಅನುಭವಿಯೊಬ್ಬರು ನಮ್ಮ ಮಾತುಕತೆಯನ್ನೇ ಕೇಳಿ, ಎಲ್ಲಿ ಅಡ್ಡ ಬಾಯಿ ಹಾಕಿದಿರಿ, ಎಲ್ಲಿ ಕೇಳಬೇಕಾದ್ದನ್ನು ಬಿಟ್ಟಿರಿ ಎಂದು ಹೇಳುವ ಪಾಠವೂ ಸೇರುತ್ತದೆ.

ವಾರಾಂತ್ಯದ ಎರಡು ದಿನದ ಶಿಬಿರಕ್ಕೆ ಹೋಗಿ ಬಂದು ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕುವವರಿಗೆ ಈ ಗಂಟೆಗಳ ಲೆಕ್ಕ ಬೇಸರ ತರಿಸಬಹುದು. ಅದರ ಹಿಂದಿನ ತಿಳಿವು ಸರಳ. ಕೋಚ್‌ನ ಕೋಣೆಯಲ್ಲಿ ಇಬ್ಬರೇ ಇರುತ್ತಾರೆ. ಅಲ್ಲಿ ಏನು ನಡೆಯಿತು ಎಂದು ಮೂರನೆಯವರಿಗೆ ಗೊತ್ತಾಗುವುದಿಲ್ಲ. ಬಂದವರು ಸಂಕಟದಲ್ಲಿರುತ್ತಾರೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಹೀಗೆ ತಲೆಯಾಡಿಸುವವರ ಎದುರಿಗೆ ಕೂತೂ ಕೂತೂ ನಮ್ಮ ಮಾತು ನಮಗೇ ವೇದವಾಗಿಬಿಡುತ್ತದೆ. ಅದಕ್ಕೇ ನಮ್ಮ ಮಾತನ್ನು ಕೇಳಿ 'ಇದು ಸರಿಯಿಲ್ಲ' ಎನ್ನಬಲ್ಲ ಒಬ್ಬರಿಗೆ ಕಟ್ಟುಬೀಳುವುದು ಮೊದಲನೆಯ ಬೇಲಿ.

ಎರಡನೆಯದು ಬಾಯಿಗೆ ಹಾಕಿಕೊಳ್ಳುವ ಬೇಲಿ.

ಈ ವೃತ್ತಿಯ ಬೇರು ಹುಡುಕಿಕೊಂಡು ಹೋದರೆ ಒಂದು ಟೆನಿಸ್ ಅಂಗಳ ಸಿಗುತ್ತದೆ. ಟಿಮೊಥಿ ಗಾಲ್ವೆ ಎಂಬ ಟೆನಿಸ್ ಶಿಕ್ಷಕ 1974ರಲ್ಲಿ ಪ್ರಕಟಿಸಿದ ಪುಸ್ತಕ ಆಮೇಲೆ ಆಟದ ಅಂಗಳ ದಾಟಿ ಕಚೇರಿಗಳಿಗೂ ಹೋಯಿತು. ಮೊಣಕೈ ಹೀಗಿಡು, ಭುಜ ಹಾಗೆ ತಿರುಗಿಸು ಎಂದು ಹೇಳಿದಷ್ಟೂ ಕಲಿಯುವವರು ಬಿಗಿಯಾಗುತ್ತಿದ್ದುದನ್ನು ಅವನು ಕಂಡಿದ್ದ. ಸೂಚನೆ ನಿಲ್ಲಿಸಿ ಒಂದು ಸಣ್ಣ ಕೆಲಸ ಕೊಟ್ಟ: ಚೆಂಡು ನೆಲಕ್ಕೆ ಬಡಿದ ಕ್ಷಣ ಒಂದು ಮಾತು, ರಾಕೆಟ್ಟಿಗೆ ತಾಗಿದ ಕ್ಷಣ ಇನ್ನೊಂದು ಮಾತು ಗಟ್ಟಿಯಾಗಿ ಹೇಳಿ, ಅಷ್ಟು ಸಾಕು. ಗಮನವೆಲ್ಲ ಚೆಂಡಿನ ಮೇಲೆ ನಿಂತಿತು. ಹೊಡೆತ ತನ್ನಷ್ಟಕ್ಕೆ ಸುಧಾರಿಸಿತು. ಕಲಿಸುವವನ ಮಾತೇ ಕಲಿಕೆಗೆ ಅಡ್ಡಿಯಾಗಬಹುದು ಎಂಬುದು ಅವನಿಗೆ ಹೊಳೆದ ಸತ್ಯ.

ಇದನ್ನು ತಿಳಿಯಲು ಕೊಳ್ಳೇಗಾಲ ಸೀಮೆಯವರು ಟೆನಿಸ್ ನೋಡಬೇಕಿಲ್ಲ, ಹುಳುವಿನ ಮನೆಗೆ ಹೋದರೆ ಸಾಕು. ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಹಗಲೂ ಇರುಳೂ ಸೊಪ್ಪು ಮೇಯುತ್ತಿದ್ದ ಹುಳು ಒಮ್ಮೆಲೇ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ಹಳೆಯ ಚರ್ಮ ಬಿಡುವ ಹೊತ್ತು ಅದು. ಬೇಸಾಯ ಬಲ್ಲವರು ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಕದಲಿಸುವುದಿಲ್ಲ. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಹಾಸು ಒಣಗಿರುವಂತೆ, ಗಾಳಿಯಾಡುವಂತೆ ನೋಡಿಕೊಂಡು, ಒಂದು ದಿನದ ಆಸುಪಾಸು ಕಾಯುತ್ತಾರೆ. ಹುಳುಗಳೆಲ್ಲ ಜ್ವರ ಬಿಟ್ಟು ಎದ್ದ ಮೇಲೆಯೇ ಮೊದಲ ಸೊಪ್ಪು. ನಾಲ್ಕು ಎದ್ದವು ಎಂದು ಅವಸರಪಟ್ಟು ಹಾಕಿದರೆ ಕೆಲವು ಮುಂದಾಗಿ ಕೆಲವು ಹಿಂದಾಗಿ ಇಡೀ ಬೆಳೆ ಏರುಪೇರಾಗುತ್ತದೆ.

ಎದುರಿಗೆ ಕೂತ ಮನುಷ್ಯ ಮಾತು ನಿಲ್ಲಿಸಿದಾಗ ಹೊಸ ಕೋಚ್‌ಗೆ ಎದೆ ಢವಢವ. ಸುಮ್ಮನಿದ್ದರೆ ತನಗೇನೂ ಗೊತ್ತಿಲ್ಲ ಎಂದುಕೊಳ್ಳುತ್ತಾರೋ, ಕೊಟ್ಟ ದುಡ್ಡಿಗೆ ಮೋಸವಾಯಿತು ಎನ್ನುತ್ತಾರೋ ಎಂಬ ಅಳುಕು. ತಕ್ಷಣ ಒಂದು ಉದಾಹರಣೆ, ಒಂದು ಸಲಹೆ, ತಾನು ಕಷ್ಟಪಟ್ಟು ಮೇಲೆ ಬಂದ ಕತೆ. ಆ ಮನುಷ್ಯ ಒಳಗೆ ಯಾವುದೋ ಒಂದನ್ನು ಬಿಡುತ್ತಿದ್ದ. ನಮ್ಮ ಮಾತು ಬಿದ್ದು ಅದು ಅಲ್ಲೇ ನಿಂತಿತು. ಕಾಯುವುದೂ ಈ ಕೆಲಸದ ಭಾಗವೇ ಎಂದು ಗೊತ್ತಾಗಲು ಆ ನೂರು ಗಂಟೆಗಳು ಬೇಕಾಗುತ್ತವೆ.

ಕಾಯುವ ಮಾತು ಬಂದಾಗ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ನೆನಪಾಗುತ್ತದೆ. ಡಾ. ಎಚ್. ಸುದರ್ಶನ್ ಅಲ್ಲಿಗೆ ಬಂದದ್ದು ಯುವ ವೈದ್ಯರಾಗಿ. ಕೈಯಲ್ಲಿ ವಿದ್ಯೆಯಿತ್ತು, ಔಷಧಿಯಿತ್ತು, ಸೇವೆ ಮಾಡುವ ಮನಸ್ಸಿತ್ತು. ಆದರೆ ಬೆಟ್ಟದ ಗಿರಿಜನರಾದ ಸೋಲಿಗರು ಮೊದಮೊದಲು ಹತ್ತಿರ ಬರಲಿಲ್ಲ. ಹೊರಗಿನಿಂದ ಬಂದವರನ್ನು ಅವರು ಏಕೆ ನಂಬಬೇಕು? ಅವರು ವಾಸಿಸುವ ಪೋಡಿನಿಂದ ಪೋಡಿಗೆ ನಡೆದು, ಅವರ ಗಿಡಮೂಲಿಕೆಯ ತಿಳಿವಳಿಕೆಗೆ ಬೆಲೆ ಕೊಟ್ಟು, ಒಬ್ಬೊಬ್ಬರ ನೋವು ವಾಸಿಯಾಗುತ್ತ ಬಂದ ಹಾಗೆ ನಂಬಿಕೆ ಬೆಳೆಯಿತು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಆಮೇಲೆ ಶಾಲೆ, ಕಸುಬಿನ ತರಬೇತಿ, ಸೋಲಿಗರ ಸಂಘಟನೆ. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಜಗತ್ತು ಆ ಬೆಟ್ಟದ ಕಡೆ ನೋಡಿತು. ವೈದ್ಯರಿಗೆ ಪದವಿಯ ಬಲವಿತ್ತು. ಆದರೂ ಜನ ಒಪ್ಪುವ ತನಕ ಕಾಯಬೇಕಾಯಿತು. ಪದವಿಯ ಬಲವೂ ಇಲ್ಲದ ಕೋಚ್ ಕಾಯಲಾರೆ ಎಂದರೆ ಹೇಗೆ?

ಮೂರನೆಯ ಬೇಲಿ ಲೆಕ್ಕದ್ದು. ಬಿಸಿನೆಸ್ ಕೋಚ್ ಆಗಬಯಸುವವರು ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಹಳ್ಳಿಗಳಲ್ಲಿ ಬೋರ್ಡಿಲ್ಲದ ಬಿಸಿನೆಸ್ ಕೋಚ್‌ಗಳು ಈಗಾಗಲೇ ಇದ್ದಾರೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಬರೆಯುವ ಎಂಬಿಕೆ, ಊರಿನ ಸಂಪನ್ಮೂಲ ವ್ಯಕ್ತಿಯಾದ ಎಲ್‌ಸಿಆರ್‌ಪಿ, ಕೃಷಿ ಸಖಿ, ಪಶು ಸಖಿ ಎಂದು ಕರೆಸಿಕೊಳ್ಳುವ ಹೆಣ್ಣುಮಕ್ಕಳು ಅವರು. ಸಿಗುವ ಗೌರವಧನ ಅಷ್ಟಕ್ಕಷ್ಟೇ. ಆದರೆ ಸಂಘದ ಸಭೆಯಲ್ಲಿ ಅವರಲ್ಲಿ ಪಳಗಿದವರೊಬ್ಬರು ಕೆಲಸ ಮಾಡುವುದನ್ನು ನೋಡಬೇಕು. ಇಂಟರ್‌ಲಾಕ್ ಮೆಷಿನ್ ತಗೋಬೇಕು, ಐವತ್ತು ಸಾವಿರ ಸಾಲ ಬೇಕು ಎಂದು ಒಬ್ಬಾಕೆ ಕೂರುತ್ತಾಳೆ. ಈಕೆ ಆಗಲಿ ಎನ್ನುವುದಿಲ್ಲ, ಬೇಡವೆಂದೂ ಅನ್ನುವುದಿಲ್ಲ. ಪುಸ್ತಕ ತೆಗೆದು ಪೆನ್ನು ಹಿಡಿಯುತ್ತಾಳೆ.

"ಹೋದ ತಿಂಗ್ಳು ಎಷ್ಟು ರವಿಕೆ ಹೊಲ್ದೆಯಕ್ಕ?"

"ಹದ್ನೆಂಟೋ ಇಪ್ಪತ್ತೋ ಕನವ್ವ."

"ದುಡ್ಡು ಕೊಟ್ಟೋರು?"

ಆಕೆ ಬೆರಳು ಮಡಿಸುತ್ತ ಮನೆಗಳನ್ನು ನೆನೆಯುತ್ತಾಳೆ. ಆಚೆ ಬೀದಿಯವಳು ಹಬ್ಬಕ್ಕೆ ಕೊಡ್ತೀನಿ ಅಂದಿದ್ದಾಳೆ. ನಾದಿನಿಯದು ಕೇಳುವ ಹಾಗಿಲ್ಲ. ಮೇಲಿನ ಮನೆಯದು ಎರಡು ತಿಂಗಳಿಂದ ಬಾಕಿ. ಎಣಿಸಿ ಮುಗಿಸುವ ಹೊತ್ತಿಗೆ ಅರ್ಧದಷ್ಟು ಕಡವೇ. ಸಖಿ ಏನನ್ನೂ ಹೇಳದೆ ಆ ಅಂಕಿಯನ್ನು ಬರೆದು ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸುತ್ತಾಳೆ. ಮೆಷಿನ್ನು ಬಂದರೆ ಇನ್ನಷ್ಟು ಬೇಗ ಹೊಲಿಯಬಹುದು; ಕಡವೂ ಅಷ್ಟೇ ಬೇಗ ಬೆಳೆಯುತ್ತದೆ. ಇದನ್ನು ಆಕೆ ತಾನೇ ಕಂಡುಕೊಂಡು, "ಮೊದ್ಲು ಬಾಕಿ ವಸೂಲಿ ಮಾಡ್ಕತೀನಿ ಕನವ್ವ" ಅನ್ನುತ್ತಾಳೆ. ಪೇಟೆಯಲ್ಲಿ ಸಾವಿರಾರು ರೂಪಾಯಿ ತೆತ್ತು ಪಡೆಯುವ ಮಾತುಕತೆಯ ಸಾರ ಇಷ್ಟೇ: ಇರುವುದನ್ನು ಇರುವ ಹಾಗೆ ಕಾಣಲು ನೆರವಾಗುವ ಒಂದು ಪ್ರಶ್ನೆ, ಅದರ ಹಿಂದೆ ಒಂದು ಮೌನ.

ಇಂಥ ಕಡೆ 'ದೊಡ್ಡ ಕನಸು ಕಾಣಿ, ಧೈರ್ಯ ಮಾಡಿ' ಎನ್ನುವುದು ಸುಲಭ. ಆದರೆ ನಮ್ಮ ಜಿಲ್ಲೆಯಲ್ಲಿ ಆ ಮಾತಿಗೆ ತೆರಬೇಕಾದ ಬೆಲೆ ದೊಡ್ಡದು. ಮೈಕ್ರೋ ಫೈನಾನ್ಸ್ ಸಾಲದ ಕಂತು ಕಟ್ಟಲಾಗದೆ, ವಸೂಲಿಯವರ ಕಾಟ ತಾಳಲಾರದೆ ಕುಟುಂಬಗಳು ಊರು ಬಿಟ್ಟು ಹೋದ ಸುದ್ದಿ 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದಲೂ ಬಂತು. ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆಯ ಸಾಲ ಎಷ್ಟಿದೆ, ವಾರಕ್ಕೆ ಎಷ್ಟು ಕಂತು ಹೋಗುತ್ತದೆ ಎಂದು ಕೇಳದೆ ಹುರಿದುಂಬಿಸುವವರು ಕೋಚ್ ಅಲ್ಲ. ಹುರುಪು ಸಂಜೆಯವರೆಗೆ ಇರುತ್ತದೆ, ಕಂತು ಪ್ರತಿ ವಾರ ಬರುತ್ತದೆ.

ಬಿಸಿನೆಸ್ ಹೇಳಿಕೊಡುವುದಕ್ಕೆ ನಮ್ಮ ನಾಡಿನಲ್ಲೇ ಒಂದು ಗಟ್ಟಿ ಮಾದರಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟಿ ಆರಂಭವಾಯಿತು. ಹಳ್ಳಿಯ ಯುವಕ ಯುವತಿಯರಿಗೆ ಊಟ ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗದ ತರಬೇತಿ. ಅದನ್ನು ನೋಡಿಯೇ ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಅಂಥದೇ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳು ಬಂದವು. ಅಲ್ಲಿ ತರಬೇತಿ ಕೆಲವು ದಿನ ಅಥವಾ ಕೆಲವು ವಾರ. ಆಮೇಲಿನ ವಿಚಾರಣೆ, ಬೆನ್ನಿಗೆ ನಿಲ್ಲುವುದು ಎರಡು ವರ್ಷ. ಅಂಗಡಿ ತೆರೆಯಿತೇ, ಬ್ಯಾಂಕಿನವರು ಏನೆಂದರು, ಮಳೆಗಾಲದಲ್ಲಿ ವ್ಯಾಪಾರ ಬಿದ್ದಾಗ ಏನು ಮಾಡಿದಿರಿ ಎಂದು ಕೇಳುವ ಎರಡು ವರ್ಷ. ಹೊಸ ಕೋಚ್ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ವೇದಿಕೆಯ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ. ಆರು ತಿಂಗಳ ನಂತರದ ಫೋನ್ ಕರೆಗೆ ಚಪ್ಪಾಳೆಯಿಲ್ಲ, ಫಲವಿದೆ.

ನಾಲ್ಕನೆಯ ಬೇಲಿ ಎಲ್ಲಕ್ಕಿಂತ ಬಿಗಿಯಾಗಿರಬೇಕು: ಯಾವುದು ನಮ್ಮ ಕೆಲಸವಲ್ಲ ಎಂಬ ಗೆರೆ. ವ್ಯಾಪಾರದ ಮಾತಿಗೆಂದು ಬಂದವರು ನಿದ್ದೆ ಬಾರದೆ ವಾರಗಳಾದ ವಿಷಯ ಹೇಳಬಹುದು. ಗುರಿ ನಿಗದಿ ಮಾಡಿಕೊಳ್ಳಲು ಬಂದ ಹುಡುಗಿ ಬದುಕೇ ಬೇಡ ಅನ್ನಬಹುದು. ಕುಡಿತ, ಹೊಡೆತ, ಹಳೆಯ ಗಾಯಗಳು ಆ ಕುರ್ಚಿಯ ಮೇಲೆ ಬಂದು ಕೂರುತ್ತವೆ. ಆಗ 'ಪಾಸಿಟಿವ್ ಆಗಿ ಯೋಚಿಸಿ' ಎನ್ನುವುದು ಪಾಪದ ಕೆಲಸ. ಮನಸ್ಸಿನ ಕಾಯಿಲೆಗೆ ಮನೋವೈದ್ಯರಿದ್ದಾರೆ, ನೋಂದಾಯಿತ ಮನಶ್ಶಾಸ್ತ್ರಜ್ಞರಿದ್ದಾರೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಹೊಸ ಕೋಚ್‌ಗೆ ಬಾಯಿಪಾಠವಾಗಿರಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು, ಜಮೀನಿನ ವ್ಯಾಜ್ಯಕ್ಕೆ ಯಾವ ವಕೀಲರು, ಜಿಎಸ್‌ಟಿ ವಿಷಯಕ್ಕೆ ಯಾವ ಲೆಕ್ಕಪರಿಶೋಧಕರು ಎಂಬ ಪಟ್ಟಿಯೂ ಕೈಯಲ್ಲಿರಬೇಕು. ಬಂದವರನ್ನು ಸರಿಯಾದ ಬಾಗಿಲಿಗೆ ಕಳಿಸಿಕೊಟ್ಟ ದಿನ ಸಂಪಾದನೆ ಇಲ್ಲದಿದ್ದರೂ ಕೆಲಸ ಆಗಿದೆ.

ಐದನೆಯದು ಸಣ್ಣ ಊರಿನವರಿಗೆ ಇನ್ನೂ ಕಷ್ಟ. ನಗರದಲ್ಲಿ ಕೋಚ್ ಯಾರೋ, ಬಂದವರು ಯಾರೋ. ಇಲ್ಲಿ ಬೆಳಿಗ್ಗೆ ನಿಮ್ಮ ಎದುರು ಕಣ್ಣೀರಿಟ್ಟವನ ಮಾವ ಸಂಜೆ ಟೀ ಅಂಗಡಿಯ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿರುತ್ತಾರೆ. ಲೋಟ ಕೈಯಲ್ಲಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, ಮೆಲ್ಲಗೆ ಕೇಳುತ್ತಾರೆ: "ನಿನ್ ತಾವ್ಕ ನಮ್ ಹುಡ್ಗ ಯಾಕ್ ಬಂದಿದ್ದ ಮಗ?" ಪ್ರೀತಿಯಿಂದಲೇ ಕೇಳುತ್ತಾರೆ. ಹಿರಿಯರು, ಎತ್ತಿ ಆಡಿಸಿದವರು. ಅವರಿಗೆ 'ಹೇಳೋದಿಲ್ಲ ಮಾವ' ಎನ್ನುವುದು ಒರಟಾಗಿ ಕೇಳುತ್ತದೆ. ಆದರೆ ಅವತ್ತು ಒಂದು ಮಾತು ಜಾರಿದರೆ ಮಾರನೆಯ ದಿನದಿಂದ ಆ ಕೋಣೆಗೆ ಯಾರೂ ಬರುವುದಿಲ್ಲ. ಬಂದರೂ ನಿಜ ಹೇಳುವುದಿಲ್ಲ. ಅದಕ್ಕೇ ಮೊದಲ ದಿನವೇ ಊರಿಗೆಲ್ಲ ಗೊತ್ತಾಗುವಂತೆ ಹೇಳಿಬಿಡಬೇಕು: ಇಲ್ಲಿ ಆಡಿದ್ದು ಇಲ್ಲಿಗೇ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಮೀರುತ್ತೇನೆ. ಆಗ ಮಾವನಿಗೂ ಬೇಸರವಾಗುವುದಿಲ್ಲ. ಅದು ನೇಮ, ನೇಮ ಎಂದರೆ ನಮ್ಮ ಕಡೆಯವರಿಗೆ ಅರ್ಥವಾಗುತ್ತದೆ.

ಇದರ ಜೊತೆಗೇ ಸೇರಿದ್ದು ಹೆಸರಿನ ಮೋಹ. ಬಂದವರು ಗೆದ್ದಾಗ ಅವರ ಫೋಟೊ ಹಾಕಿ 'ನನ್ನಿಂದಾಗಿ' ಎಂದು ಬರೆಯುವ ಚಪಲ ಎಲ್ಲರಿಗೂ ಇರುತ್ತದೆ, ವ್ಯಾಪಾರಕ್ಕೆ ಅದು ಬೇಕೆಂದೂ ಅನಿಸುತ್ತದೆ. ಆಗ ಯಳಂದೂರಿನ ಹೊನ್ನಮ್ಮನನ್ನು ನೆನೆಯೋಣ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು ಹದಿಬದೆಯ ಧರ್ಮವೆಂಬ ಕಾವ್ಯ ಬರೆದಳು. ಅವಳಲ್ಲಿ ಆ ಶಕ್ತಿಯನ್ನು ಕಂಡು ಮೆಚ್ಚಿದ ಗುರು ಅಳಸಿಂಗಾರ್ಯರು. ಮುನ್ನೂರು ವರ್ಷಗಳ ಮೇಲೂ ಕಾವ್ಯ ಸಂಚಿಯ ಹೊನ್ನಮ್ಮನದೇ. ಗುರುವಿನ ಹೆಸರು ಅವಳ ಕತೆಯಲ್ಲಿ ಒಂದು ಸಾಲು. ಬೆಳೆಸಿದವರಿಗೆ ಸಲ್ಲಬೇಕಾದದ್ದು ಅಷ್ಟೇ, ಅದು ಸಾಕಷ್ಟು ದೊಡ್ಡದೂ ಹೌದು.

ಇನ್ನು ದುಡ್ಡು. ಇಷ್ಟೆಲ್ಲ ಕಟ್ಟುಪಾಡು ಹೇಳಿ ದುಡ್ಡಿನ ಮಾತೆತ್ತದಿದ್ದರೆ ಅದು ಬರೀ ಉಪದೇಶವಾಗುತ್ತದೆ. ಕೋಚಿಂಗ್ ಒಂದು ಕಸುಬು, ಅದರಲ್ಲಿ ಮನೆ ನಡೆಯಬೇಕು. ಐಸಿಎಫ್‌ನ ಆ ಮೊದಲ ನೂರು ಗಂಟೆಯಲ್ಲಿ 75 ಗಂಟೆಯಾದರೂ ಪ್ರತಿಫಲ ಪಡೆದು ಮಾಡಿದ್ದಾಗಿರಬೇಕು ಎಂಬ ನಿಯಮವಿದೆ. ಮೊತ್ತ ಎಷ್ಟೇ ಸಣ್ಣದಿರಲಿ. ವಸ್ತು, ಕೆಲಸದ ಬದಲಿಯೂ ನಡೆಯುತ್ತದೆ. ನಮ್ಮವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ರಾಗಿ ಕೊಯ್ಲಿಗೆ ಮುಯ್ಯಾಳಾಗಿ ಹೋಗುವಾಗ ಕೂಲಿಯಿಲ್ಲ, ಆದರೆ ಪುಕ್ಕಟೆಯೂ ಅಲ್ಲ; ನಾಳೆ ಅವರು ನಮ್ಮ ಹೊಲಕ್ಕೆ ಬರುತ್ತಾರೆ. ಪುಕ್ಕಟೆ ಸಿಕ್ಕಿದ ಮಾತಿಗೆ ಬಂದವರೂ ಕಿವಿ ಕೊಡುವುದಿಲ್ಲ, ಹೇಳುವವರೂ ಸಮಯಕ್ಕೆ ಸರಿಯಾಗಿ ಕೂರುವುದಿಲ್ಲ. ಕೊಟ್ಟು ತೆಗೆದುಕೊಂಡಲ್ಲಿ ಇಬ್ಬರಿಗೂ ಹೊಣೆ ಬರುತ್ತದೆ. ಎಷ್ಟು ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಕೊಡಲಾರದವರಿಗೆ ಏನು ವ್ಯವಸ್ಥೆ ಎಂಬುದನ್ನೂ ಮೊದಲೇ ಯೋಚಿಸಿಟ್ಟಿರಬೇಕು. ಸಂಕಟದಲ್ಲಿ ಕೂತವರ ಮುಖ ನೋಡಿ ಬೆಲೆ ಏರಿಸಬಾರದು.

ದುಡ್ಡಿನ ಜೊತೆಗೆ ದಿನವನ್ನೂ ಹೇಳಬೇಕು. ಮೂರು ತಿಂಗಳೋ ಆರು ಕೂಟವೋ, ಒಂದು ಕೊನೆ ಇರಬೇಕು. ಪ್ರತಿ ಸಣ್ಣ ತೀರ್ಮಾನಕ್ಕೂ ಫೋನ್ ಮಾಡುವ ಗಿರಾಕಿ ತಿಂಗಳ ವರಮಾನಕ್ಕೆ ಹಿತ. ಮಗಳ ಶಾಲೆ ಬದಲಿಸಲೇ, ಅಂಗಡಿಗೆ ಬಣ್ಣ ಹೊಡೆಸಲೇ ಎಂದು ಅವರು ಕೇಳುತ್ತಿದ್ದರೆ ನಮಗೂ ಒಳಗೊಳಗೇ ಸಂತೋಷವಾಗುತ್ತದೆ. ಆದರೆ ತಾನೇ ತೀರ್ಮಾನಿಸಬಲ್ಲವನಾಗಲಿ ಎಂದು ಕೂತ ಕೆಲಸ ಅವನನ್ನು ಇನ್ನಷ್ಟು ಅವಲಂಬಿಯನ್ನಾಗಿ ಮಾಡಿತು. ಹಬ್ಬದಲ್ಲಿ ಎದುರು ಸಿಕ್ಕಾಗ ನಕ್ಕು ಮುಂದೆ ಹೋಗುವ ಹಳೆಯ ಗಿರಾಕಿಗಳು ಹೆಚ್ಚಾದಷ್ಟೂ ಕೋಚ್‌ನ ಕೆಲಸ ನೆಟ್ಟಗಿದೆ ಎಂದು ಅರ್ಥ.

ಇಷ್ಟು ಬೇಲಿ ಹಾಕಿಕೊಂಡರೆ ಓಡಾಡಲು ಜಾಗವೆಲ್ಲಿ ಎಂದು ಕೇಳಬಹುದು. ಕಲಿತದ್ದನ್ನು ಒರೆಗೆ ಹಚ್ಚಲು ನೂರಾರು ಗಂಟೆಗಳಿವೆ. ಕೇಳಲು ನಮ್ಮದೇ ಭಾಷೆಯ, ನಮ್ಮದೇ ಸೀಮೆಯ ಬದುಕುಗಳಿವೆ. ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆಗಳ ಪಟ್ಟಿಯನ್ನು ಬದಿಗಿಟ್ಟು, ಕೊಳ್ಳೇಗಾಲದ ಮಗ್ಗದವನಿಗೆ, ಹನೂರಿನ ಕಬ್ಬಿಣದಂಗಡಿಯವನಿಗೆ, ಕೆಲಸ ಬಿಟ್ಟು ಬಂದ ಇಂಜಿನಿಯರಿಗೆ ಅವರವರ ಮಾತಿನಲ್ಲೇ ಏನು ಕೇಳಬೇಕು ಎಂದು ಹುಡುಕುವ ಕೆಲಸ ಇನ್ನೂ ಬಹಳ ಬಾಕಿಯಿದೆ. ಕಟ್ಟುಪಾಡು ಇರುವುದರಿಂದಲೇ ಜನ ನಂಬಿ ಬರುತ್ತಾರೆ. ನಂಬಿ ಬಂದಲ್ಲಿ ಮಾತ್ರ ಈ ಹುಡುಕಾಟ ನಡೆಯುತ್ತದೆ.

ಆದ್ದರಿಂದ ಈ ದಾರಿಗೆ ಹೊರಟವರು ಇವತ್ತೇ ಒಂದು ಕೆಲಸ ಮಾಡಬಹುದು. ಒಂದು ಹಾಳೆಯ ಮೇಲೆ, ಬೇರೆಯವರಿಗೆ ತೋರಿಸಬಹುದಾದ ಹಾಗೆ, ನಾನು ಏನೇನನ್ನು ಮಾಡುವುದಿಲ್ಲ ಎಂದು ಬರೆಯಿರಿ. ಅದರ ಕೆಳಗೆ ಒಬ್ಬರ ಹೆಸರು ಬರೆಯಿರಿ: ನಿಮಗಿಂತ ಹೆಚ್ಚು ಕೇಳಿದವರು, ನಿಮ್ಮ ದುಡ್ಡಿನ ಹಂಗಿಲ್ಲದವರು, ನೀವು ಗೆರೆ ದಾಟಿದಾಗ ಕೈ ಹಿಡಿದು ನಿಲ್ಲಿಸಬಲ್ಲವರು. ಅವರ ಬಳಿಗೆ ಹೋಗಿ ಒಪ್ಪಿಗೆ ಕೇಳಿ. ಬರೆಯಲು ಅಂಥ ಒಂದು ಹೆಸರೂ ಹೊಳೆಯದಿದ್ದರೆ, ಮೊದಲ ಗಿರಾಕಿಗೆ ಸ್ವಲ್ಪ ದಿನ ಕಾಯಲು ಹೇಳಿ.